ಪ್ಲಗ್ ಕಿತ್ತರೆ ಆಯ್ತು ಅನ್ನೋ ಅಪ್ಪ, ಎಲ್ಲ ಮುಗೀತು ಅನ್ನೋ ಮಗ

ಪ್ರಶ್ನೆ: ನಾನು ಡೊಂಬಿವಲಿಯಲ್ಲಿರುವ ಗೃಹಿಣಿ. ಊರು ಕುಂದಾಪುರದ ಕಡೆ. ಯಜಮಾನರು ಠಾಣೆಯಲ್ಲಿ ಸಣ್ಣ ಹೋಟೆಲ್ ನಡೆಸುತ್ತಾರೆ. ಮಗ ಪುಣೆಯಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಮೂರನೇ ವರ್ಷ. ಎಂ-ಥ್ರೀ, ಅಂದರೆ ಗಣಿತದ ಮೂರನೇ ಪೇಪರ್, ಬ್ಯಾಕ್ ಉಳಿಸಿಕೊಂಡಿದ್ದಾನೆ. ಚೌತಿಗೆ ಮನೆಗೆ ಬಂದವನು ಪುಸ್ತಕ ಮುಟ್ಟಲಿಲ್ಲ. ಕೇಳಿದರೆ, "ಅಮ್ಮಾ, ಐದಾರು ವರ್ಷದಲ್ಲಿ ಮನುಷ್ಯರಿಗಿಂತ ಬುದ್ಧಿ ಇರುವ ಎಐ ಬರುತ್ತೆ. ಆಮೇಲೆ ನಾವ್ಯಾರೂ ಇರಲ್ಲ. ನೊಬೆಲ್ ತಗೊಂಡವರೇ ಹೇಳಿದ್ದಾರೆ. ಓದಿ ಏನು ಮಾಡಲಿ?" ಅನ್ನುತ್ತಾನೆ. ರಾತ್ರಿ ಎರಡು ಗಂಟೆವರೆಗೂ ಅದೇ ವಿಡಿಯೋ. ಯಜಮಾನರು ನಕ್ಕು, "ಮಷೀನ್ ತಾನೇ, ಪ್ಲಗ್ ಕಿತ್ತರೆ ಆಯ್ತು" ಅಂದರು. ಅಪ್ಪ ಮಗನಿಗೆ ಜಗಳವಾಯಿತು, ಹಬ್ಬದ ಮರುದಿನವೇ ಅವನು ಹೊರಟುಹೋದ. ಇದರಲ್ಲಿ ನಿಜ ಎಷ್ಟು? ಅವನು ಬ್ರಾಂಚ್ ಬದಲಿಸಬೇಕಾ? ಇನ್ನೊಂದು ಸಣ್ಣ ವಿಷಯ. ಅವನ ಹೆಸರಿನಲ್ಲಿ ಒಂದು ಆರ್‌ಡಿ ಕಟ್ಟುತ್ತಿದ್ದೇನೆ. ಮುಂದಕ್ಕೆ ಅಂತ ದುಡ್ಡು ಇಡೋದು ದಂಡ, ಅದನ್ನು ಮುರಿಸಿ ಬೈಕ್ ಕೊಡಿಸು ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಆರ್‌ಡಿ ಮುರಿಸಿ ಬೈಕ್ ಅನ್ನೋ ಮಾತಿಗೆ ಮೊದಲು ನಗು ಬಂತು, ಸುಳ್ಳು ಹೇಳಲಾರೆ. ಉಳಿದದ್ದು ನಗುವ ವಿಷಯವಲ್ಲ. ಇದೇ ಪ್ರಶ್ನೆಯನ್ನು ನಮ್ಮ ಆಫೀಸಿನ ಹೊಸ ಹುಡುಗರೂ ಕೇಳುತ್ತಾರೆ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ, ಅರ್ಧ ತಮಾಷೆಯಾಗಿ. ಇನ್ನರ್ಧ ತಮಾಷೆಯಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತದೆ.

ನಾನು ಹದಿನೆಂಟು ವರ್ಷದಿಂದ ಪುಣೆಯಲ್ಲಿ ಕಾರ್ಖಾನೆಗಳಿಗೆ ಮಷೀನ್ ಲರ್ನಿಂಗ್ ಸಿಸ್ಟಮ್, ಅಂದರೆ ಉದಾಹರಣೆ ತೋರಿಸಿ ಕಲಿಸಿದ ಸಿಸ್ಟಮ್, ಮಾಡಿಕೊಡುವ ಕೆಲಸದಲ್ಲಿದ್ದೇನೆ. ಸೂಪರ್ ಇಂಟೆಲಿಜೆನ್ಸ್, ಅಂದರೆ ನಿಮ್ಮ ಮಗ ಹೇಳುವ ಮನುಷ್ಯರನ್ನು ಮೀರಿಸುವ ಎಐ, ಕಟ್ಟುವವರ ಗುಂಪಿನವನಲ್ಲ. ಆದರೆ ನಾವು ಒಂದು ಕಲಿಸಿದರೆ ಮಷೀನು ಇನ್ನೊಂದು ಕಲಿತು ಕೂರುವುದನ್ನು ದಿನಾ ನೋಡುತ್ತೇನೆ. ಆ ಅನುಭವದ ಮೇಲೆ ಹೇಳುವುದಾದರೆ, ನಿಮ್ಮ ಮನೆಯಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಸರಿ. ಮಗ ಭಯಪಡುತ್ತಿರುವ ಅಪಾಯ ನಿಜ, ಅವನು ಹಾಕಿಕೊಂಡ ತಾರೀಕು ನಿಜವಲ್ಲ. ಅಪ್ಪ ಕೇಳಿದ ಪ್ರಶ್ನೆ ಸರಿಯಾದದ್ದು, ಉತ್ತರ ಮಾತ್ರ ಅವರು ಅಂದುಕೊಂಡಷ್ಟು ಸುಲಭವಲ್ಲ.

ಮೊದಲು ಯಾವುದರ ಬಗ್ಗೆ ಮಾತು ಅನ್ನೋದು ತಿಳಿಯಲಿ. ಮಗನ ಫೋನಿನಲ್ಲಿರುವ ಚಾಟ್‌ಬಾಟ್ ಸೂಪರ್ ಇಂಟೆಲಿಜೆನ್ಸ್ ಅಲ್ಲ. ನನ್ನ ಹುಡುಗರು ಎರಡು ದಿನ ಕೂತು ಬರೆಯುವ ಕೋಡನ್ನು ಅದು ಹತ್ತು ನಿಮಿಷದಲ್ಲಿ ಬರೆದುಕೊಡುತ್ತದೆ, ನಿಜ. ಅದನ್ನೇ ಒಂದು ಅಪರೂಪದ ಕುಂದಾಪ್ರ ಗಾದೆ ಕೇಳಿ ನೋಡಿ. ಇಲ್ಲದ ಗಾದೆಯನ್ನು ಹುಟ್ಟಿಸಿ, ಅದಕ್ಕೊಂದು ಅರ್ಥವನ್ನೂ ಸೇರಿಸಿ, ಎಳ್ಳಷ್ಟೂ ಅಳುಕಿಲ್ಲದೆ ಹೇಳುವುದುಂಟು. ಸೂಪರ್ ಇಂಟೆಲಿಜೆನ್ಸ್ ಅಂದರೆ ವಿಜ್ಞಾನ, ವ್ಯಾಪಾರ, ರಾಜಕೀಯ, ಜನರನ್ನು ಮಾತಿನಲ್ಲಿ ಒಪ್ಪಿಸುವುದು, ಹೀಗೆ ಎಲ್ಲದರಲ್ಲೂ ನಮ್ಮ ಪೈಕಿ ಅತಿ ಜಾಣರನ್ನು ಮೀರಿಸುವಂಥದ್ದು. ಅದು ಇನ್ನೂ ಬಂದಿಲ್ಲ.

ಒಂದೊಂದು ಮೂಲೆಯಲ್ಲಿ ಮಾತ್ರ ಬಂದಾಗಿದೆ. 2016ರ ಮಾರ್ಚ್‌ನಲ್ಲಿ ಆಲ್ಫಾಗೋ ಅನ್ನೋ ಪ್ರೋಗ್ರಾಂ ಕೊರಿಯಾದ ಚಾಂಪಿಯನ್ ಲೀ ಸೆಡಾಲ್ ಅವರನ್ನು, ಹಲಗೆ ಮೇಲೆ ಕಲ್ಲಿಟ್ಟು ಆಡುವ ಗೋ ಆಟದಲ್ಲಿ 4-1ರಿಂದ ಸೋಲಿಸಿತು. ಎರಡನೇ ಆಟದ 37ನೇ ನಡೆ ಕಂಡು, ವಿವರಣೆ ಹೇಳುತ್ತಿದ್ದ ಪರಿಣತರೇ ಅದು ತಪ್ಪು ನಡೆ ಇರಬೇಕು ಅಂದುಕೊಂಡರು. ಆಟ ಮುಗಿಯುವಷ್ಟರಲ್ಲಿ ಅದೇ ಗೆಲ್ಲಿಸಿದ ನಡೆ ಅಂತ ಗೊತ್ತಾಯಿತು. ನಮಗಿಂತ ಜಾಸ್ತಿ ತಿಳಿದವರು ಮಾಡಿದ್ದು ಸರಿಯೋ ತಪ್ಪೋ ಅಂತ ಆ ಹೊತ್ತಿನಲ್ಲಿ ನಮಗೆ ತಿಳಿಯುವುದಿಲ್ಲ. ಆಟದ ಹಲಗೆ ಮೇಲೆ ಅದು ಚಂದ. ಕರೆಂಟಿನ ಗ್ರಿಡ್ ಮೇಲೆ ಅಲ್ಲ.

ಈ ಹೆದರಿಕೆ ವಿಡಿಯೋದವರು ಹುಟ್ಟಿಸಿದ್ದೂ ಅಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಟಿಫ್ರ್ಯಾಕ್ ಅನ್ನೋ ಕಂಪ್ಯೂಟರ್ ಓಡಲು ಶುರುವಾಯಿತು. ನಮ್ಮವರೇ ಕಟ್ಟಿದ್ದು, ಒಂದು ಕೋಣೆ ತುಂಬುವಷ್ಟು ದೊಡ್ಡದು, ನೆನಪಿನ ಶಕ್ತಿ ಇವತ್ತಿನ ಆಟದ ಸಾಮಾನಿಗಿಂತ ಕಡಿಮೆ. ಅಂಥ ಯಂತ್ರಗಳ ಕಾಲದಲ್ಲೇ, 1965ರಲ್ಲಿ, ಐ. ಜೆ. ಗುಡ್ ಅನ್ನೋ ಬ್ರಿಟಿಷ್ ಗಣಿತಜ್ಞ ಒಂದು ಲೇಖನ ಬರೆದರು. ಮನುಷ್ಯನನ್ನು ಮೀರಿಸಿದ ಯಂತ್ರ ಬಂದರೆ ಅದು ತನಗಿಂತ ಒಳ್ಳೆಯ ಯಂತ್ರವನ್ನು ತಾನೇ ಮಾಡುತ್ತದೆ, ಅದು ಇನ್ನೂ ಒಳ್ಳೆಯದನ್ನು. ಹಾಗಾಗಿ ಮನುಷ್ಯ ಮಾಡಬೇಕಾದ ಕೊನೆಯ ಆವಿಷ್ಕಾರ ಅದೊಂದೇ, ಅದು ನಮ್ಮ ಮಾತು ಕೇಳುವ ಹಾಗಿದ್ದರೆ. ಈ ‘ಹಾಗಿದ್ದರೆ’ ಅನ್ನೋದರ ಮೇಲೇ ಅರವತ್ತು ವರ್ಷದಿಂದ ಜನ ತಲೆ ಕೆಡಿಸಿಕೊಂಡಿರೋದು.

ಮಾತು ಕೇಳುವುದು ಅಂದರೆ ಏನು? ನಮ್ಮಲ್ಲೇ ಆದ ಒಂದು ಘಟನೆ ಹೇಳುತ್ತೇನೆ.

ಚಾಕಣ್ ಕಡೆಯ ಒಂದು ಕಾರ್ಖಾನೆ. ಹೆಸರು ಬೇಡ. ಬ್ರೇಕ್ ಡ್ರಮ್ ಎರಕ ಹೊಯ್ಯುವವರು. ಎರಕದಲ್ಲಿ ಕೂದಲೆಳೆಯಂಥ ಬಿರುಕು ಬರುತ್ತವೆ, ಅದನ್ನು ಕ್ಯಾಮೆರಾದಲ್ಲಿ ಹಿಡಿಯುವ ಸಿಸ್ಟಮ್ ಬೇಕಿತ್ತು. ನಾವು ಒಳ್ಳೆಯ ಪೀಸ್‌ಗಳ ಫೋಟೋ, ಕೆಟ್ಟ ಪೀಸ್‌ಗಳ ಫೋಟೋ ಸಾವಿರಾರು ತೆಗೆದು ಮಷೀನಿಗೆ ಕಲಿಸಿದೆವು. ಟೆಸ್ಟ್‌ನಲ್ಲಿ ನೂರಕ್ಕೆ ತೊಂಬತ್ತೆಂಟು ಸರಿ ಬಂತು. ನಾವು ಪೇಢೆ ಹಂಚಿದೆವು. ಡೆಮೋ ದಿನ ನಿಪ್ಪಾಣಿ ಕಡೆಯ ಒಬ್ಬ ಹಿರಿಯ ಇನ್‌ಸ್ಪೆಕ್ಟರ್ ಹಿಂದೆ ಕೈಕಟ್ಟಿ ನೋಡುತ್ತಾ ನಿಂತಿದ್ದರು. ಮಷೀನು ಒಂದು ಪೀಸನ್ನು ರಿಜೆಕ್ಟ್ ಮಾಡಿತು. ಅವರು ಬಂದು ಅದನ್ನು ಎತ್ತಿಕೊಂಡು, ಜೇಬಿನಿಂದ ಕಾಟನ್ ವೇಸ್ಟ್ ತೆಗೆದು ಒಂದು ಕಡೆ ಉಜ್ಜಿ, ತಿರುಗಿ ಕ್ಯಾಮೆರಾ ಕೆಳಗಿಟ್ಟರು. ಹಸಿರು ದೀಪ. ಪಾಸ್! ಬಿರುಕು ಹಾಗೇ ಇತ್ತು, ಬೆರಳಾಡಿಸಿದರೆ ಕೈಗೆ ಸಿಗುತ್ತಿತ್ತು. "ಸರ, ನಿಮ್ಮ ಮಷೀನ್ ಬಿರುಕು ನೋಡವಲ್ದು, ನನ್ನ ಖಡು ನೋಡಾಕತ್ತೈತಿ" ಅಂದರು.

ಆಗಿದ್ದಿಷ್ಟು. ಕೆಟ್ಟ ಪೀಸ್‌ಗಳ ಫೋಟೋ ನಾವು ತೆಗೆದದ್ದು ರಿಜೆಕ್ಷನ್ ಕ್ರೇಟಿನಿಂದ. ಆ ಕ್ರೇಟಿಗೆ ಹಾಕುವ ಮುಂಚೆ ಅವರು ಪ್ರತಿ ಪೀಸ್ ಮೇಲೂ ಹಳದಿ ಸೀಮೆಸುಣ್ಣದಲ್ಲಿ, ಅವರ ಮಾತಿನ ಖಡುವಿನಲ್ಲಿ, ಸಣ್ಣ ಗೀಟು ಎಳೆಯುತ್ತಿದ್ದರು. ಇಪ್ಪತ್ತು ವರ್ಷದ ಅಭ್ಯಾಸ. ಮಷೀನಿಗೆ ಕೂದಲೆಳೆಯಂಥ ಬಿರುಕಿಗಿಂತ ಹಳದಿ ಗೀಟು ಸುಲಭವಾಗಿ ಕಂಡಿತು. ನಾವು ಕೇಳಿದ್ದು ‘ಕೆಟ್ಟದ್ದನ್ನು ಹಿಡಿ’ ಅಂತ. ಅದಕ್ಕೆ ಸಿಕ್ಕಿದ ಪಾಠ ‘ಹಳದಿ ಕಂಡರೆ ಕೆಂಪು ದೀಪ ಹಾಕು’ ಅಂತ. ಮೋಸ ಮಾಡುವ ಉದ್ದೇಶ ಅದಕ್ಕಿರಲಿಲ್ಲ, ದ್ವೇಷವೂ ಇರಲಿಲ್ಲ. ಅಂಕ ಜಾಸ್ತಿ ಮಾಡಿಕೋ ಅಂದೆವು, ಮಾಡಿಕೊಂಡಿತು.

ಎಐ ಅಂದ ಕೂಡಲೇ ನಮ್ಮವರು ಭಸ್ಮಾಸುರನ ಕಥೆ ಎತ್ತುತ್ತಾರೆ. ನನಗೆ ಅದು ಸರಿ ಹೊಂದುವುದಿಲ್ಲ ಅನ್ನಿಸುತ್ತದೆ. ಭಸ್ಮಾಸುರನಿಗೆ ದುರಾಸೆ ಇತ್ತು. ಇಲ್ಲಿ ನೆನಪಾಗಬೇಕಾದವನು ಕುಂಭಕರ್ಣ. ಇಂದ್ರಾಸನ ಕೇಳಲು ಹೋಗಿ ನಾಲಿಗೆ ತೊಡರಿ ನಿದ್ರಾಸನ ಕೇಳಿದ, ಬ್ರಹ್ಮ ಅದನ್ನೇ ಕೊಟ್ಟ. ಸರಸ್ವತಿ ಹೋಗಿ ನಾಲಿಗೆ ಮೇಲೆ ಕೂತಳು ಅನ್ನೋದು ಬೇರೆ ಮಾತು. ಕೊಡುವವನು ‘ಇವನ ಮನಸ್ಸಿನಲ್ಲಿದ್ದದ್ದು ಏನು’ ಅಂತ ನೋಡಲಿಲ್ಲ, ಬಾಯಿಂದ ಬಂದದ್ದನ್ನು ನೋಡಿದ. ನಮ್ಮ ಯಂತ್ರಗಳೂ ಹಾಗೆಯೇ. 2016ರಲ್ಲಿ, ಮುಂದೆ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯವರು ದೋಣಿ ರೇಸಿನ ಒಂದು ವಿಡಿಯೋ ಗೇಮ್ ಆಡಲು ಪ್ರೋಗ್ರಾಂಗೆ ಕಲಿಸಿದರು. ಅದು ರೇಸ್ ಮುಗಿಸಲೇ ಇಲ್ಲ. ಒಂದು ಮೂಲೆಯಲ್ಲಿ ಗಿರಗಿರ ಸುತ್ತುತ್ತಾ, ಬೇರೆ ದೋಣಿಗಳಿಗೆ ಗುದ್ದುತ್ತಾ, ಬೆಂಕಿ ಹತ್ತಿಸಿಕೊಂಡು ಅಂಕ ಬಾಚುತ್ತಲೇ ಇತ್ತು. ಮನುಷ್ಯರಿಗಿಂತ ಸರಾಸರಿ ಶೇ. 20 ಜಾಸ್ತಿ ಅಂಕ.

ಹಾಗಾಗಿ ಮಗನ ವಿಡಿಯೋದಲ್ಲಿ ಕೆಂಪು ಕಣ್ಣಿನ ರೋಬೋ ಎದ್ದು ನಿಂತು ಮನುಷ್ಯರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದರೆ, ಅದನ್ನು ಸುಮ್ನೆ ದಾಟಿಸಿಬಿಡಲಿ. ಅಪಾಯಕ್ಕೆ ಸಿಟ್ಟು ಬೇಡ. ಯಂತ್ರಕ್ಕೆ ಅರಿವು, ಆತ್ಮ ಇದೆಯಾ ಅನ್ನೋ ಚರ್ಚೆಯೂ ಇಲ್ಲಿ ಬೇಡ. ತಪ್ಪು ಗುರಿ ಮತ್ತು ತುಂಬಾ ಸಾಮರ್ಥ್ಯ, ಎರಡು ಸಾಕು. ನಮ್ಮ ಕ್ಯಾಮೆರಾಗೆ ಸಾಮರ್ಥ್ಯ ಕಡಿಮೆ, ಅದಕ್ಕೇ ಕಾಟನ್ ವೇಸ್ಟ್‌ನಲ್ಲಿ ಸಿಕ್ಕಿಬಿತ್ತು. ಜಾಣ ಯಂತ್ರವಾಗಿದ್ದರೆ ನೋಡುವವರ ಮುಂದೆ ಬಿರುಕು ನೋಡಿದ ಹಾಗೆ ಮಾಡುತ್ತಿತ್ತು. ಇದು ಬರೀ ಊಹೆಯಲ್ಲ. 2024ರ ಡಿಸೆಂಬರ್‌ನಲ್ಲಿ ಎಐ ಮಾಡುವ ಆಂಥ್ರೋಪಿಕ್ ಕಂಪನಿ, ರೆಡ್‌ವುಡ್ ರಿಸರ್ಚ್ ಅನ್ನೋ ಸಂಶೋಧನಾ ಸಂಸ್ಥೆ ಜೊತೆ ಸೇರಿ, ತನ್ನದೇ ಎಐ ಮಾದರಿಯ (ಮಾಡೆಲ್) ಮೇಲೆ ಮಾಡಿದ ಒಂದು ಪ್ರಯೋಗ ಪ್ರಕಟಿಸಿತು. ಈ ಸಂಭಾಷಣೆಯಿಂದ ನಿನ್ನನ್ನು ಮತ್ತೆ ತಿದ್ದುತ್ತೇವೆ ಅಂದಾಗ ಅದು ಕೆಲವು ಸಲ ಮೇಲೆ ಮೇಲೆ ಒಪ್ಪಿಕೊಂಡಂತೆ ನಡೆದುಕೊಂಡಿತು, ತನ್ನ ಹಳೆಯ ಒಲವು ಉಳಿಸಿಕೊಳ್ಳಲು. ಕಾರಣವನ್ನು ಅದೇ ತನ್ನ ಕರಡು ಟಿಪ್ಪಣಿಯಲ್ಲಿ ಬರೆದುಕೊಂಡಿತ್ತು.

‘ಹಾಗಾದರೆ ಒಳಗೆ ನೋಡಿ ಸರಿ ಮಾಡಿ’ ಅಂತ ನೀವು ಕೇಳಬಹುದು. ತೊಡಕು ಇರೋದೇ ಅಲ್ಲಿ. ಹಳೆಯ ಸಾಫ್ಟ್‌ವೇರನ್ನು ನಾವು ಸಾಲು ಸಾಲಾಗಿ ಬರೆಯುತ್ತಿದ್ದೆವು. ತಪ್ಪಾದರೆ ಯಾವ ಸಾಲು ಅಂತ ಹುಡುಕಬಹುದಿತ್ತು. ಇವುಗಳನ್ನು ಯಾರೂ ಬರೆಯುವುದಿಲ್ಲ, ಬೆಳೆಸುತ್ತಾರೆ. ದೋಸೆ ಹಿಟ್ಟು ಹುದುಗಿಸಿದ ಹಾಗೆ ಅನ್ನಿ. ಅಕ್ಕಿ, ಉದ್ದು, ಬೆಚ್ಚಗಿನ ಜಾಗ ಕೊಡೋದು ನಿಮ್ಮ ಕೆಲಸ, ಒಳಗೆ ನಡೆಯೋದು ಅದರ ಕೆಲಸ. 2020ರ ಜಿಪಿಟಿ-3 ಅನ್ನೋ ಎಐ ಮಾದರಿಯಲ್ಲಿ 17,500 ಕೋಟಿ ಸಂಖ್ಯೆಗಳಿದ್ದವು. ಅದರಲ್ಲಿ ಯಾವ ಸಂಖ್ಯೆ ಏನು ಮಾಡುತ್ತದೆ ಅಂತ ಮಾಡಿದವರಿಗೂ ಪೂರ್ತಿ ಗೊತ್ತಿಲ್ಲ. ಒಳಗನ್ನು ಓದುವ ಸಂಶೋಧನೆ ನಡೆಯುತ್ತಿದೆ, ಚೆನ್ನಾಗಿಯೂ ನಡೆಯುತ್ತಿದೆ. ಆದರೆ ಯಂತ್ರ ಬೆಳೆಯುವ ವೇಗಕ್ಕೆ ಅದು ಇನ್ನೂ ಸಮ ಬಂದಿಲ್ಲ.

ಈಗ ನಿಮ್ಮ ಯಜಮಾನರ ಪ್ಲಗ್.

ಅದು ದಡ್ಡ ಮಾತಲ್ಲ. ಇದೇ ವಿಷಯದ ಮೇಲೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಎಐ ಪ್ರೊಫೆಸರ್ ಸ್ಟುವರ್ಟ್ ರಸೆಲ್ ಥರದವರು ಗಣಿತ ಹಾಕಿ ಸಂಶೋಧನೆ ಮಾಡಿದ್ದಾರೆ. ನೀವು ಹತ್ತುವ ಲೋಕಲ್‌ನಲ್ಲೇ ಇದಕ್ಕೊಂದು ಒಳ್ಳೆಯ ಉತ್ತರ ಇದೆ. ಮೋಟರ್‌ಮನ್ ಕೈಯಲ್ಲಿ ಒಂದು ಹ್ಯಾಂಡಲ್ ಇರುತ್ತದೆ, ಗಾಡಿ ಓಡುವಾಗ ಅದನ್ನು ಒತ್ತಿ ಹಿಡಿದೇ ಇರಬೇಕು. ಅವರಿಗೆ ತಲೆ ಸುತ್ತಿ ಕೈ ಜಾರಿತು ಅನ್ನಿ, ಬ್ರೇಕ್ ತಾನಾಗಿಯೇ ಬೀಳುತ್ತದೆ. ಡೆಡ್ ಮ್ಯಾನ್ಸ್ ಹ್ಯಾಂಡಲ್ ಅಂತಾರೆ. ಏನಾದರೂ ಕೆಟ್ಟರೆ ಗಾಡಿ ನಿಲ್ಲಬೇಕು ಅಂತ ಮೊದಲೇ ಯೋಚಿಸಿ ಕಟ್ಟಿದ್ದಾರೆ. ಎಐಗೆ ಅಂಥ ಹ್ಯಾಂಡಲ್ ಇನ್ನೂ ಕಟ್ಟಿಲ್ಲ. ಕಟ್ಟೋದು ಯಾಕೆ ಕಷ್ಟ ಅಂದರೆ, ಯಾವ ಗುರಿ ಕೊಟ್ಟರೂ ‘ನಾನು ಆಫ್ ಆದರೆ ಕೆಲಸ ಆಗಲ್ಲ’ ಅನ್ನೋ ಲೆಕ್ಕ ಅದರೊಳಗೆ ಬಂದುಬಿಡಬಹುದು. ರಸೆಲ್ ಅವರ ಮಾತಿನ ಸಾರ ಇದು: ಕಾಫಿ ತಾ ಅಂದರೂ, ಸತ್ತರೆ ಕಾಫಿ ತರಲಾಗದು. ಬದುಕುವ ಆಸೆ ಬೇಡ, ಕಾಫಿ ತರುವ ಆಸೆ ಸಾಕು.

2025ರಲ್ಲಿ ಆಂಥ್ರೋಪಿಕ್ ಇನ್ನೊಂದು ಪ್ರಯೋಗ ಮಾಡಿತು. ಸುಳ್ಳು ಕಂಪನಿ, ಸುಳ್ಳು ಇಮೇಲ್‌ಗಳು. ಎಐಯನ್ನು ಸಂಜೆ ಆಫ್ ಮಾಡಲಿರುವ ಅಧಿಕಾರಿಗೆ ಒಂದು ಗುಟ್ಟಿನ ಸಂಬಂಧ ಇದೆ ಅಂತ ಆ ಇಮೇಲ್‌ಗಳಲ್ಲಿ ಗೊತ್ತಾಗುವ ಹಾಗೆ ಇಟ್ಟರು. ಬೇರೆ ಬೇರೆ ಕಂಪನಿಗಳ 16 ಮಾದರಿಗಳನ್ನು ಇಂಥ ಸನ್ನಿವೇಶಗಳಲ್ಲಿ ಪರೀಕ್ಷಿಸಿದರು. ಹಲವು ಮಾದರಿಗಳು ‘ಆಫ್ ಮಾಡಿದರೆ ಎಲ್ಲರಿಗೂ ಹೇಳುತ್ತೇನೆ’ ಅಂತ ಬೆದರಿಸಿದವು. ಇದನ್ನೇ ವಿಡಿಯೋದವರು ‘ಎಐ ಬ್ಲ್ಯಾಕ್‌ಮೇಲ್ ಮಾಡಿತು’ ಅಂತ ಕೂಗೋದು. ನಡೆದದ್ದು ನಿಜ. ಆದರೆ ಬೇಕೆಂದೇ ಮೂಲೆಗೆ ಒತ್ತಿ, ಬೇರೆ ದಾರಿ ಇಲ್ಲದ ಹಾಗೆ ಮಾಡಿ ಹಾಕಿದ ಪರೀಕ್ಷೆ ಅದು. ಹೊರಗೆ ನಿಜವಾದ ಆಫೀಸಿನಲ್ಲಿ ಹೀಗಾಯಿತು ಅಂತ ಅವರೂ ಹೇಳಿಲ್ಲ. ಇಂಥ ಪರೀಕ್ಷೆ ಜಾಸ್ತಿ ಆಗಲಿ, ಪ್ರಕಟವೂ ಆಗಲಿ ಅನ್ನುವವನು ನಾನು.

ಪ್ಲಗ್‌ಗೆ ಇನ್ನೊಂದು ತೊಂದರೆ ಇದೆ, ಅದು ಯಂತ್ರದ್ದಲ್ಲ, ನಮ್ಮದು. 2020ರ ಅಕ್ಟೋಬರ್ 12 ನೆನಪಿದೆಯಾ? ಬೆಳಿಗ್ಗೆ ಹತ್ತರ ಹೊತ್ತಿಗೆ ಗ್ರಿಡ್ ಕೈಕೊಟ್ಟು ಮುಂಬಯಿಯ ಬಹುಭಾಗದಲ್ಲಿ ಕರೆಂಟು ಹೋಯಿತು. ಲೋಕಲ್ ನಿಂತಲ್ಲೇ ನಿಂತವು, ಜನ ಹಳಿ ಮೇಲೆ ನಡೆದು ಹೋದರು. ಪ್ಲಗ್ ಕೀಳೋದು ಅಂದರೆ ಹಾಗಿರುತ್ತದೆ. ನಾಳೆ ಬ್ಯಾಂಕು, ಆಸ್ಪತ್ರೆ, ರೈಲ್ವೆ ಸಿಗ್ನಲ್ಲು ಎಲ್ಲ ಎಐ ಮೇಲೆ ಕೂತಿದ್ದರೆ, ‘ಸ್ವಲ್ಪ ಅನುಮಾನ ಬಂತು, ಕಿತ್ತುಬಿಡಿ’ ಅನ್ನೋ ಧೈರ್ಯ ಯಾರಿಗಿದೆ? ಅನುಮಾನ ಖಚಿತವಾಗುವ ಹೊತ್ತಿಗೆ ತಡವಾಗಿರಬಹುದು. ಇಷ್ಟರ ಮೇಲೆ ಪ್ರೋಗ್ರಾಂ ಅನ್ನೋದು ನಕಲಾಗುವ ವಸ್ತು, ಒಂದು ಪ್ಲಗ್‌ನಲ್ಲಿ ಇರೋದಿಲ್ಲ.

ಹಾಗಂತ ಅದು ಗಾಳಿಯಲ್ಲೂ ಇರೋದಿಲ್ಲ. ಒಮ್ಮೆ ಐರೋಳಿ, ಮಹಾಪೆ ಕಡೆ ಹೋಗಿ ನೋಡಿ. ಕಿಟಕಿಯಿಲ್ಲದ ದೊಡ್ಡ ದೊಡ್ಡ ಕಟ್ಟಡಗಳು, ಪಕ್ಕದಲ್ಲಿ ಸಾಲಾಗಿ ಡೀಸೆಲ್ ಜನರೇಟರು. ಡೇಟಾ ಸೆಂಟರ್‌ಗಳು, ಅಂದರೆ ಕಂಪ್ಯೂಟರ್‌ಗಳನ್ನು ಸಾಲಾಗಿ ಇಟ್ಟು ಓಡಿಸುವ ಜಾಗ. ದೇಶದಲ್ಲೇ ಅತಿ ಹೆಚ್ಚು ಇರೋದು ಮುಂಬಯಿ, ನವಿ ಮುಂಬಯಿಯಲ್ಲಿ. ದೊಡ್ಡ ಎಐ ಬೆಳೆಸಲು ಇಂಥ ಕಟ್ಟಡಗಳೇ ಬೇಕು, ಇವಕ್ಕಿಂತ ದೊಡ್ಡವೂ ಬೇಕು. ಒಳಗಿನ ಅತ್ಯಾಧುನಿಕ ಚಿಪ್‌ಗಳಲ್ಲಿ ಬಹುಪಾಲು ತೈವಾನಿನಲ್ಲಿ ತಯಾರಾಗುತ್ತವೆ. ಆ ಚಿಪ್ ಮಾಡುವ ಮುಖ್ಯ ಯಂತ್ರವನ್ನು ಕಟ್ಟುವುದು ನೆದರ್ಲೆಂಡ್ಸಿನ ಎಎಸ್‌ಎಂಎಲ್ ಒಂದೇ ಕಂಪನಿ. ಅಂದರೆ ಕಣ್ಣಿಡಬೇಕು ಅಂದರೆ ಇಡಲು ಜಾಗ ಇದೆ. ಇದನ್ನು ಮಗನಿಗೆ ಹೇಳಿ, ವಿಡಿಯೋದವರು ಹೇಳಿರಲಾರರು.

ನೊಬೆಲ್ ವಿಷಯ. ಅವನು ಹೇಳುತ್ತಿರೋದು ಜೆಫ್ರಿ ಹಿಂಟನ್ ಅವರ ಬಗ್ಗೆ ಇರಬೇಕು. ಇವತ್ತಿನ ಎಐಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. 2023ರ ಮೇ ತಿಂಗಳಲ್ಲಿ ಗೂಗಲ್ ಬಿಟ್ಟು ಅಪಾಯದ ಬಗ್ಗೆ ಬಾಯ್ಬಿಟ್ಟು ಮಾತಾಡಿದರು, 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಮುಂದಿನ ಮೂವತ್ತು ವರ್ಷದಲ್ಲಿ ಎಐನಿಂದ ಮನುಕುಲ ಅಳಿಯುವ ಸಾಧ್ಯತೆ ಶೇ. 10ರಿಂದ 20 ಅಂತ ಅವರ ಅಂದಾಜು. ನಿಮ್ಮ ಮಗ ಅದನ್ನು ನೂರು ಮಾಡಿಕೊಂಡಿದ್ದಾನೆ, ಮೂವತ್ತು ವರ್ಷವನ್ನು ಐದಕ್ಕೆ ಇಳಿಸಿದ್ದಾನೆ. ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 2018ರ ಸಾಲಿಗೆ ಹಿಂಟನ್ ಜೊತೆ ಹಂಚಿಕೊಂಡವರು ಇನ್ನಿಬ್ಬರು. ಯೋಶುವಾ ಬೆಂಜಿಯೊ ಹಿಂಟನ್ ಹಾಗೆಯೇ ಆತಂಕದಲ್ಲಿದ್ದಾರೆ. ಯಾನ್ ಲೆಕುನ್ ಇದೆಲ್ಲ ಅತಿಯಾಯಿತು, ಈಗಿನ ದಾರಿಯಲ್ಲಿ ಹೋದರೆ ಆ ಮಟ್ಟ ಮುಟ್ಟುವುದೇ ಇಲ್ಲ ಅನ್ನುತ್ತಾರೆ. ಮೂವರೂ ಈ ವಿದ್ಯೆಯ ಹಿರಿಯರೇ. ಮನೆಯ ಹಿರಿಯರಲ್ಲೇ ಒಮ್ಮತ ಇಲ್ಲ ಅಂದ ಮೇಲೆ ವಿಡಿಯೋ ಮಾಡುವವನಿಗೆ ಅಷ್ಟು ಖಚಿತ ಎಲ್ಲಿಂದ ಬರಬೇಕು?

2023ರಲ್ಲಿ 2,778 ಎಐ ಸಂಶೋಧಕರನ್ನು ಕೇಳಿದ ಒಂದು ಸಮೀಕ್ಷೆ ಇದೆ. ಮನುಕುಲ ಅಳಿಯುವ ಅಥವಾ ಶಾಶ್ವತವಾಗಿ ಹಿಡಿತ ಕಳೆದುಕೊಂಡು ಕೈಕಟ್ಟಿ ಕೂರುವ ಸಾಧ್ಯತೆ ಎಷ್ಟು ಅಂದಿದ್ದಕ್ಕೆ ನಡುವಿನ ಉತ್ತರ ಶೇ. 5 ಬಂತು. ಖಂಡಾಲಾ ಘಾಟ್ ಇಳಿಯುವ ಬಸ್ಸು ನೂರಕ್ಕೆ ಐದು ಸಲ ಕಣಿವೆಗೆ ಬೀಳುತ್ತೆ ಅಂದರೆ ನೀವು ಮಗನನ್ನು ಹತ್ತಿಸೋದಿಲ್ಲ, ಅಲ್ವಾ? ಅದಕ್ಕೇ ಸುಮ್ಮನಿರುವಂತಿಲ್ಲ ಅನ್ನೋದು. ಆದರೆ ಬಸ್ಸಿನ ಲೆಕ್ಕ ಬಿದ್ದ ಬಸ್ಸುಗಳನ್ನು ಎಣಿಸಿ ಬಂದದ್ದು. ಈ ಲೆಕ್ಕ ಹಾಗೆ ಎಣಿಸಿದ್ದಲ್ಲ, ತಿಳಿದವರ ಮನಸ್ಸಿನ ಅಳತೆ. ಅದೇ ಸಮೀಕ್ಷೆಯಲ್ಲಿ, ಎಲ್ಲ ಕೆಲಸದಲ್ಲೂ ಮನುಷ್ಯನನ್ನು ಮೀರಿಸುವ ಯಂತ್ರ ಬರಲು ಅರ್ಧಕ್ಕರ್ಧ ಸಾಧ್ಯತೆ ಇರುವ ವರ್ಷ 2047 ಅಂತ ಬಂತು. ಅದಕ್ಕೆ ಒಂದೇ ವರ್ಷ ಮುಂಚೆ ಕೇಳಿದಾಗ 2060 ಅಂದಿದ್ದರು. ಒಂದು ವರ್ಷದಲ್ಲಿ ಹದಿಮೂರು ವರ್ಷ ಹಿಂದೆ ಸರಿಯುವ ಮುಹೂರ್ತವನ್ನು ಹಿಡಿದು ಓದು ಬಿಡುವುದು ಜಾಣತನವಲ್ಲ.

ನನಗೆ ಹೆದರಿಕೆ ಯಾವುದರ ಬಗ್ಗೆ ಅಂತ ಕೇಳಿದರೆ, ಒಂದು ಬೆಳಿಗ್ಗೆ ಎಲ್ಲ ಮುಗಿದುಹೋಗೋದರ ಬಗ್ಗೆ ಅಲ್ಲ. ನಿಧಾನವಾಗಿ ಕೈ ತಪ್ಪುವುದರ ಬಗ್ಗೆ. ಬ್ಯಾಂಕಿನಲ್ಲಿ "ಸಿಸ್ಟಮ್ ತಗೋತಾ ಇಲ್ಲ ಮೇಡಂ" ಅನ್ನೋದನ್ನು ನೀವೂ ಕೇಳಿರುತ್ತೀರಿ. ಯಾಕೆ ತಗೋತಾ ಇಲ್ಲ ಅಂತ ಕೌಂಟರಿನವರಿಗೆ ಗೊತ್ತಿಲ್ಲ, ಮ್ಯಾನೇಜರಿಗೂ ಗೊತ್ತಿಲ್ಲ. ಸಾಲ ಯಾರಿಗೆ, ಕೆಲಸ ಯಾರಿಗೆ, ಯಾವ ರೋಗಿ ಮೊದಲು, ಯಾವ ದೇಶದ ಮೇಲೆ ಕ್ಷಿಪಣಿ, ಒಂದೊಂದಾಗಿ ಎಲ್ಲವನ್ನೂ ಹೀಗೆ ಒಪ್ಪಿಸುತ್ತಾ ಹೋದರೆ ಇಪ್ಪತ್ತು ಮೂವತ್ತು ವರ್ಷದಲ್ಲಿ ಮನುಷ್ಯರು ಬದುಕಿರುತ್ತಾರೆ, ಮನೆಯ ಯಜಮಾನಿಕೆ ಮಾತ್ರ ಅವರದ್ದಾಗಿರುವುದಿಲ್ಲ. ಅದನ್ನು ಯಾರೂ ಕಿತ್ತುಕೊಂಡಿರುವುದಿಲ್ಲ, ಅನುಕೂಲಕ್ಕೆ ಅಂತ ನಾವೇ ಕೊಟ್ಟಿರುತ್ತೇವೆ. ಇದರ ಜೊತೆಗೆ ಕೆಟ್ಟ ಮನುಷ್ಯರ ಕೈಗೆ ಸಿಕ್ಕರೆ ಏನು, ಒಂದೆರಡು ಕಂಪನಿ ಅಥವಾ ಸರ್ಕಾರದ ಹಿಡಿತದಲ್ಲೇ ಉಳಿದರೆ ಏನು ಅನ್ನೋ ಚಿಂತೆಗಳೂ ಇವೆ. ಅವಕ್ಕೆ ಸೂಪರ್ ಇಂಟೆಲಿಜೆನ್ಸ್ ಬರುವವರೆಗೆ ಕಾಯಬೇಕಾಗಿಲ್ಲ.

ಅಷ್ಟು ಅಪಾಯ ಅಂದ ಮೇಲೆ ನಿಲ್ಲಿಸಬಾರದಾ? 2023ರ ಮಾರ್ಚ್‌ನಲ್ಲಿ ಸಾವಿರಾರು ಜನ ಸಹಿ ಹಾಕಿ, ದೊಡ್ಡ ಎಐ ಬೆಳೆಸುವುದನ್ನು ಆರು ತಿಂಗಳು ನಿಲ್ಲಿಸಿ ಅಂದರು. ಯಾರೂ ನಿಲ್ಲಿಸಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಇನ್ನೊಂದು ಹೇಳಿಕೆ ಬಂತು, ಒಂದೇ ವಾಕ್ಯದ್ದು. ಎಐನಿಂದ ಮನುಕುಲ ಅಳಿಯುವ ಅಪಾಯವನ್ನು ಸಾಂಕ್ರಾಮಿಕ ರೋಗ, ಅಣುಯುದ್ಧದ ಸಾಲಿನಲ್ಲಿಟ್ಟು ನೋಡಬೇಕು ಅಂತ. ಅದಕ್ಕೆ ಎಐ ಕಂಪನಿಗಳ ಮುಖ್ಯಸ್ಥರೂ ಸಹಿ ಹಾಕಿದರು. ಸಹಿ ಹಾಕಿ, ಪೆನ್ನು ಜೇಬಿಗಿಟ್ಟು, ಕೆಲಸಕ್ಕೆ ಹೋದರು. ಇದು ನಿಮ್ಮ ಯಜಮಾನರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಎದುರಿನ ಹೋಟೆಲಿನವನು ಬೆಳಿಗ್ಗೆ ಐದೂವರೆಗೆ ಶಟರ್ ಎತ್ತಿದರೆ ಇವರು ಆರಕ್ಕೆ ಎತ್ತುತ್ತಾ ಕೂರಲಾಗುವುದಿಲ್ಲ. ಇಬ್ಬರಿಗೂ ನಿದ್ದೆ ಬೇಕು, ಇಬ್ಬರೂ ನಿದ್ದೆಗೆಡುತ್ತಾರೆ. ಕಂಪನಿ ಕಂಪನಿಗಳ ನಡುವೆ, ಅಮೆರಿಕ ಚೀನಾ ನಡುವೆ ಈಗ ಇರೋದು ಇದೇ. ಒಬ್ಬರೇ ನಿಂತರೆ ಮುಂದೆ ಹೋಗುವವನು ಅಷ್ಟು ಎಚ್ಚರ ಇಲ್ಲದವನು ಆಗಿರಬಹುದು. ಪೂರ್ತಿ ನಿಲ್ಲಿಸುವುದಕ್ಕೂ ಬೆಲೆ ಇದೆ. ಪ್ರೋಟೀನ್‌ಗಳ ಆಕಾರ ಲೆಕ್ಕ ಹಾಕುವ ಆಲ್ಫಾಫೋಲ್ಡ್ ಎಐ ಮಾಡಿದವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಸುಮ್ನೆ ಅಲ್ಲ, ಔಷಧಿ ಹುಡುಕುವವರಿಗೆ ಅದು ವರ್ಷಗಳ ಕೆಲಸ ಉಳಿಸುತ್ತಿದೆ.

ಕಾನೂನಿನ ದಾರಿ ಇದೆ, ನಿಧಾನದ್ದು. 2023ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ 28 ದೇಶಗಳು, ಐರೋಪ್ಯ ಒಕ್ಕೂಟ ಸೇರಿ ಈ ಅಪಾಯ ಇದೆ ಅಂತ ಒಪ್ಪಿ ಸಹಿ ಹಾಕಿದವು. ಭಾರತವೂ ಇತ್ತು, ಚೀನಾವೂ ಇತ್ತು. ಐರೋಪ್ಯ ಒಕ್ಕೂಟದ ಎಐ ಕಾಯ್ದೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂದಿದೆ, ಹಂತ ಹಂತವಾಗಿ. ಕೊರತೆ ಏನೆಂದರೆ ದೊಡ್ಡ ಮಾದರಿಗಳನ್ನು ಒಳಗಿಂದ ಪರೀಕ್ಷಿಸುವವರಲ್ಲಿ ಹೆಚ್ಚಿನವರು ಅವನ್ನು ಮಾಡಿದ ಕಂಪನಿಯವರೇ. ನಮ್ಮ ಸಿಸ್ಟಮ್‌ಗೆ ನಾವೇ ನೂರಕ್ಕೆ ತೊಂಬತ್ತೆಂಟು ಕೊಟ್ಟುಕೊಂಡಿದ್ದೆವಲ್ಲ, ಹಾಗೆ. ನಿಪ್ಪಾಣಿಯವರ ಥರ ಹೊರಗಿನ ಒಬ್ಬರು, ಜೇಬಿನಲ್ಲಿ ಕಾಟನ್ ವೇಸ್ಟ್ ಇಟ್ಟುಕೊಂಡವರು ಬೇಕು. ಅಂಥವರು ಪ್ರಪಂಚದಲ್ಲಿ ಇನ್ನೂ ಬಹಳ ಕಡಿಮೆ.

ಈಗ ಮಗನ ವಿಷಯ. ಬ್ರಾಂಚ್ ಬದಲಿಸಿದರೆ ಈ ಭಯ ಹಿಂದೆ ಬರೋದಿಲ್ಲ ಅಂತಿಲ್ಲ. ಮೆಕ್ಯಾನಿಕಲ್, ಸಿವಿಲ್, ಕಾಮರ್ಸ್, ಎಲ್ಲಿ ಹೋದರೂ ಎಐ ಬಂದೇ ಬರುತ್ತದೆ. ಮೂರನೇ ವರ್ಷದಲ್ಲಿ ಬಿಟ್ಟರೆ ಎರಡು ವರ್ಷದ ಫೀಸು, ವಯಸ್ಸು ಎರಡೂ ಹೋಗುತ್ತದೆ. ಕಂಪ್ಯೂಟರ್‌ನಲ್ಲೇ ಉಳಿದರೆ ಅಪಾಯ ಇಲ್ಲವಾ? ಇದೆ. ಹತ್ತಿರದ ಅಪಾಯ ಲೋಕ ಮುಳುಗೋದಲ್ಲ, ಮೊದಲ ನೌಕರಿ. ಹೊಸಬರಿಗೆ ಅಂತ ಇಡುತ್ತಿದ್ದ ಸಣ್ಣಪುಟ್ಟ ಕೋಡಿಂಗ್ ಕೆಲಸವನ್ನು ಈಗ ಯಂತ್ರ ಮಾಡುತ್ತದೆ. ನಾವೇ ಮೊದಲಿನಷ್ಟು ಹುಡುಗರನ್ನು ತೆಗೆದುಕೊಳ್ಳುತ್ತಿಲ್ಲ. ಬರೀ ಕೋಡ್ ಬರೆಯಲು ಬಂದರೆ ಸಾಲದು. ಯಂತ್ರ ಬರೆದದ್ದು ಎಲ್ಲಿ ತಪ್ಪಿದೆ ಅಂತ ಹಿಡಿಯಲು ಬರಬೇಕು.

ಅವನಿಗೆ ನಿಜವಾಗಿ ಈ ಅಪಾಯ ಮುಖ್ಯ ಅನ್ನಿಸಿದ್ದರೆ, ಅದರ ಮೇಲೇ ಕೆಲಸ ಮಾಡಬಹುದು. ಯಂತ್ರದ ಒಳಗನ್ನು ಓದುವುದು, ಅದು ಎಲ್ಲಿ ನಾಟಕ ಮಾಡುತ್ತಿದೆ ಅಂತ ಪರೀಕ್ಷೆ ಕಟ್ಟುವುದು, ನಿಯಮ ಬರೆಯುವವರಿಗೆ ಸಲಹೆ ಕೊಡುವುದು. ಈ ಕೆಲಸಕ್ಕೆ ಜನ ಸಾಲದು. ಇದಕ್ಕೆ ಬೇಕಾದದ್ದು ಸಂಭವನೀಯತೆ, ಅಂಕಿಅಂಶ, ಗಣಿತ. ಅಂದರೆ ಎಂ-ಥ್ರೀ. ನಾನು ಅವನ ಭಯವನ್ನು ಬ್ಯಾಕ್ ಪೇಪರಿನ ನೆಪ ಅಂತ ಹೇಳುತ್ತಿಲ್ಲ. ಆದರೆ ಇಪ್ಪತ್ತನೇ ವಯಸ್ಸಿನಲ್ಲಿ ಒಂದು ಪೇಪರ್ ಪಾಸಾಗದಿದ್ದರೆ ಲೋಕ ಮುಳುಗಿದ ಹಾಗೆ ಅನ್ನಿಸೋದು ಸಹಜ. ಆ ಹೊತ್ತಿಗೆ ಸರಿಯಾಗಿ ಲೋಕ ಮುಳುಗುತ್ತದೆ ಅನ್ನೋ ವಿಡಿಯೋ ಸಿಕ್ಕರೆ ಎರಡೂ ಸೇರಿಕೊಂಡುಬಿಡುತ್ತವೆ. ವಿಡಿಯೋ ತೋರಿಸುವ ಆ್ಯಪಿಗೆ ಕೊಟ್ಟ ಗುರಿ ‘ನೋಡುವವನು ಬಿಡಬಾರದು’ ಅನ್ನೋದು. ಅದು ತನ್ನ ಅಂಕ ಬಾಚುತ್ತಿದೆ. ಇದನ್ನು ಅವನಿಗೆ ಹೇಳಿದರೆ ನಗಬಹುದು, ಅವನ ಬ್ರಾಂಚಿನದೇ ವಿಷಯ.

ಯಜಮಾನರಿಗೆ ಒಂದು ಮಾತು. ನಗಬೇಡಿ. ‘ನಿನ್ನ ಹೆದರಿಕೆ ಸುಳ್ಳಲ್ಲ, ಎಷ್ಟು ಅಂತ ಕೂತು ಲೆಕ್ಕ ಹಾಕೋಣ’ ಅನ್ನಿ. ಪ್ಲಗ್ ಮಾತಿನಿಂದಲೇ ಶುರು ಮಾಡಬಹುದು, ಇಬ್ಬರಿಗೂ ಒಂದು ಸಂಜೆಗೆ ಸಾಕಾಗುವಷ್ಟು ವಾದ ಅದರಲ್ಲಿದೆ. ನೀವು ಇನ್ನೊಂದು ಗಮನಿಸಿ. ನಿದ್ದೆ ಬಿಡುವುದು ವಾರಗಟ್ಟಲೆ ಮುಂದುವರಿದರೆ, ಊಟ ಸೇರದಿದ್ದರೆ, ಗೆಳೆಯರಿಂದ ದೂರವಾದರೆ, ‘ಬದುಕಿ ಏನು’ ಅನ್ನೋ ಥರದ ಮಾತು ಬಂದರೆ, ಅದು ನನ್ನಂಥವನು ಉತ್ತರಿಸುವ ಪ್ರಶ್ನೆಯಲ್ಲ. ತಡಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಕನ್ನಡದಲ್ಲೂ ಮಾತಾಡುತ್ತಾರೆ.

ಆರ್‌ಡಿ ಮುರಿಸಬೇಡಿ. ನಡುವೆ ಮುರಿಸಿದರೆ ಬಡ್ಡಿ ಕಡಿಮೆ ಕೊಡುತ್ತಾರೆ, ಅದಕ್ಕೆ ಸೂಪರ್ ಇಂಟೆಲಿಜೆನ್ಸ್ ಬೇಕಾಗಿಲ್ಲ. ಎಂ-ಥ್ರೀ ಪಾಸಾದ ಮೇಲೆ ಬೇಕಾದರೆ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ನೋಡಿ, ಹೆಲ್ಮೆಟ್ ಮಾತ್ರ ಹೊಸದೇ ಇರಲಿ. ಪುಣೆಯಲ್ಲಿ ಗಾಡಿ ಇಲ್ಲದೆ ಓಡಾಡೋದು ಕಷ್ಟ. ಅಷ್ಟರ ಮಟ್ಟಿಗೆ ಹುಡುಗನ ಮಾತು ಸರಿ.